ಮ್ಯೂಸಿಯಂ ಸೇರಿದ ಬೀಸೋ ಕಲ್ಲು

ನಮ್ಮ ಜೇವರ್ಗಿ ಓಣ್ಯಾಗ ಒಬ್ಬರು ಶಾಣ್ಯಾತನ ಮಾಡಿದ್ರಂದ್ರ ಉಳಿದವ್ರ ತಲಿ ಕೆಡೋದು ಇದ್ದದ್ದ. ನಾ ನಾಕನೇ ಕ್ಲಾಸಿಗಿ ಸಾಲಿ ಬಿಟ್ಟಾಕಿ. ಕಣ್ಣು, ಕಿವಿ, ಬಾಯಿ ಮಾತ್ರ ಕೆಲಸ ಬಿಟ್ಟಿಲ್ಲ.

೧. ಬೋರ್ಡು

ರಿಟೈರ್ ಆದ ಮಾಸ್ತರೊಬ್ಬರು ಹಳೇ ಚಾವಡ್ಯಾಗ ಮ್ಯೂಸಿಯಂ ತೆಗದ್ರು. ಹಿಂದಿನ ಮಂದಿ ಹೆಂಗ ಬಾಳೇವು ಮಾಡ್ತಿದ್ರು ಅಂತ ತೋರಸಾಕ ಊರೂರು ತಿರಗಿ ಹಳೇ ಸಾಮಾನು ಕೂಡಿಸಿದ್ರು. ನಮ್ಮ ಬಾಜೂ ಮನ್ಯಾಕಿ ಬೀಸೋ ಕಲ್ಲು ಕೊಟ್ಟಳು, ಕಾಲಿಗಿ ಎಡವತದ ಅಂತ. ಕೊಟ್ಟವರ ಹೆಸರು ಬೋರ್ಡಿನ ಮ್ಯಾಲ ಬರಸ್ತೇನಿ ಅಂದಿದ್ರು ಮಾಸ್ತರು. ಇಳಕಲ್ ಸೀರಿ ಉಟ್ಟು, ನನ್ನೂ ಎಳಕೊಂಡು ನೋಡಾಕ ಹೋದ್ಲು.

ನೋಡಿದ್ರ ಬೋರ್ಡಿನ ಮ್ಯಾಲ ಆಕಿ ಗಂಡನ ಹೆಸರು. ಆ ಮನಷ್ಯಾ ಜಲ್ಮದಾಗ ಒಂದು ಹಿಡಿ ಜ್ವಾಳ ಬೀಸಿಲ್ಲ. ಕಲ್ಲಿನ ಮ್ಯಾಲ ಕುಂತು ಚಾ ಕುಡದಾನ, ಅಷ್ಟ.

೨. ಕಂದೀಲು

ಮುಂದ ಗ್ವಾಡಿಗಿ ಕಂದೀಲು ತೂಗಹಾಕಿದ್ರು. ಇದು ನಿಮ್ಮ ಮುತ್ಯಾನ ಕಾಲದ್ದು ಅಂತ ಮಾಸ್ತರು ಹೇಳಾಕತ್ತಿದ್ರು. ನಿನ್ನಿ ಸಂಜಿಕಿ ಕರೆಂಟ್ ಹೋದಾಗ ನಾ ಮನ್ಯಾಗ ಇಂಥಾದ್ದನ್ನ ಹಚ್ಚೀನ್ರಿ ಅಂದೆ. ಅವರಿಗಿ ನಾಚಿಕಿ ಬರ್ತದ ಅಂತ ತಿಳದಿದ್ದೆ. ಅವರು ಸಾಮಾನು ಬರಕೊಳ್ಳೋ ಪುಸ್ತಕ ತೆಗದು, "ನಿಮ್ಮ ಮನಿ ಎಲ್ಲಿ ಬರ್ತದ್ರಿ?" ಅಂದ್ರು.

೩. ಸಿಮೆಂಟು

ಕಲ್ಲು ಕೊಟ್ಟಾಕಿ ಮಗಳ ಮದಿವಿ ಕೊಳಕೂರ ಊರಿನ ಗಂಡಿನ ಕೂಡ ಗಟ್ಟಿ ಆತು. ನಮ್ಮ ಕಡಿ ಮದಿವಿಗಿ ಮೊದಲ ಐದು ಮಂದಿ ಮುತ್ತೈದೇರು ಬೀಸೋ ಕಲ್ಲು ಪೂಜಿ ಮಾಡಿ, ಅದರಾಗ ಅರಿಶಿಣ ಬೀಸಬೇಕು. ಗಂಡಿನ ಅವ್ವ ಫೋನ್ ಮ್ಯಾಲ ಫೋನ್: ಕಲ್ಲು ಪೂಜಿ ಬರೋಬರಿ ಆಗ್ಬೇಕು, ಪದ್ಧತಿ ಬಿಟ್ಟ ಮನ್ಯಾಗ ನಾವು ಹೆಣ್ಣು ತರಂಗಿಲ್ಲ.

ಓಣಿಯೆಲ್ಲ ಹುಡುಕಿದ್ರ ಒಂದು ಕಲ್ಲಿಲ್ಲ, ಎಲ್ಲಾರೂ ಮಾಸ್ತರಿಗಿ ಕೊಟ್ಟು ಕೈ ತೊಳಕೊಂಡಾರ. ವಾಪಸ್ ಕೇಳಾಕ ಹೋದ್ರ ತೆಳಗಿನ ಕಲ್ಲಿಗಿ ಸಿಮೆಂಟ್ ಹಾಕಿ ಕಟ್ಟಿ ಮ್ಯಾಲ ಕೂಡಿಸ್ಯಾರ. ಲಗ್ನ ಮುರೀತು ಅಂತ ಆಕಿ ಅಲ್ಲೇ ಅಳಾಕತ್ಲು. ಮಿಕ್ಸಿಗಿ ಪೂಜಿ ಮಾಡ್ರಲ್ಲ ಅಂದ ಗಂಡ. ಆಕಿ ನೋಡಿದ ನೋಟಕ್ಕ ಎರಡು ದಿನ ಮನ್ಯಾಗ ಉಣ್ಣಾಕ ಕುಂದ್ರಲಿಲ್ಲ ಅಂವ.

೪. ಬೀಗತಿ

ಕಡೀಕ ಮಾಸ್ತರು, ಇಲ್ಲೇ ಮಾಡ್ಕೋರಿ, ಬಾಗಲಾ ತೆಗದಿಡ್ತೇನಿ ಅಂದ್ರು. ಬೀಗರಿಗಿ ಸುಳಿವು ಹತ್ತಬಾರದು ಅಂತ ಮುಂಜಾನೆದ್ದು ಐದು ಮಂದಿ ಕದ್ದು ಹೋದಿವಿ. ಕಲ್ಲಿಗಿ ಕುಂಕುಮ ಹಚ್ಚಿ, ಅರಿಶಿಣ ಹಾಕಿ ಎರಡು ಸುತ್ತು ತಿರಗಿಸಿಲ್ಲ, ಬಾಗಲದಾಗ ಬೀಗತಿ ನಿಂತಾಳ! ಬೆನ್ನಿಗಿ ನಾಕು ಮಂದಿ ಹೆಂಗಸರು. ನಮ್ಮಾಕಿ ಮಾರಿ ಸುಣ್ಣ ಆತು.

ಎಲ್ಲಿಗಿ ಬಂದ್ರಿ ಬೀಗತ್ಯಾರ ಅಂತ ನಾನ ಕೇಳಿದೆ. ಮ್ಯೂಸಿಯಂ ನೋಡಾಕ ಅಂದ್ಲು. ಸೆರಗಿನ ತೆಳಗ ಬುಟ್ಟಿ ಮುಚ್ಚಿದ್ಲು, ಅರಿಶಿಣ ಕೊಂಬು ಹೊರಗ ಹಣಿಕಿ ಹಾಕಾಕತ್ತಿದ್ವು.

ಅಷ್ಟರಾಗ ಮಾಸ್ತರು ಕೀಲಿಗೊಂಚಲ ಹಿಡಕೊಂಡು ಬಂದ್ರು. "ಬರ್ರಿ ಕೊಳಕೂರ ಅವ್ವಾರ, ನಿಮ್ಮ ಕಲ್ಲು ಒಳಗಿನ ಖೋಲ್ಯಾಗದ."

ಬೀಗತಿ ಸಾವಕಾಶ ನಮ್ಮಾಕಿ ಬಾಜೂ ಕುಂತು, ಸಣ್ಣ ದನೀಲೆ ಅಂದ್ಲು:

"ನಮ್ಮತ್ತಿಗಿ ಮಾತ್ರ ಹೇಳಬ್ಯಾಡ್ರಿ. ಕಲ್ಲು ಕಳುವಾಗ್ಯದ ಅಂತ ಹೇಳೀನಿ."