ವೈಫೈಯೂ ಸೋಬಾನೆಯೂ

"ಫೋನು ಹಳೇದಾಯ್ತು, ಅದಕ್ಕೇ ವೈಫೈ ಸ್ಲೋ" ಎಂಬ ಮಾತನ್ನು ನಮ್ಮ ಮಧುಗಿರಿಯಲ್ಲಿ ಎಲ್ಲರೂ ಎಷ್ಟು ಧೈರ್ಯವಾಗಿ ಹೇಳುತ್ತಾರೆಂದರೆ, ಅದನ್ನು ಒಪ್ಪದ ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯವನು ಅಮ್ಮನ ಫೋನನ್ನು ಆನ್ ಕೂಡ ಮಾಡಲಿಲ್ಲ. ಸವೆದ ಕವರನ್ನು ನೋಡಿಯೇ "ಇದ್ರ ಕಥೆ ಮುಗೀತು ಮೇಡಂ" ಅಂದ. ಹಳೆಯದೆಲ್ಲ ನಿಧಾನ ಎನ್ನುವುದಾದರೆ ನಮ್ಮ ಅಪ್ಪನ ಸ್ಕೂಟರು ಶಿರಾ ರಸ್ತೆಯಲ್ಲಿ ಹೊಸ ಬೈಕುಗಳನ್ನು ಹಿಂದೆ ಹಾಕುವುದು ಹೇಗೆ? ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಅಲ್ಲಿಂದ ಮನೆಗೆ ಒಂದಷ್ಟು ಕಪ್ಪುಗಳ ಜೊತೆಗೆ ಒಂದು ಕೆಟ್ಟ ಚಟವನ್ನೂ ತಂದಿದ್ದೇನೆ. ಯಾರು ಏನೇ ಹೇಳಲಿ, "ಆಧಾರ ಏನು?" ಎಂದು ಕೇಳುವ ಚಟ. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಅಪ್ಪ ಅಂದರೂ ಕೇಳುತ್ತೇನೆ. ಅಪ್ಪ ಬಟ್ಟಲನ್ನು ನನ್ನ ಕಡೆ ತಳ್ಳಿ, "ಕುಡ್ದು ನೋಡು, ಅದೇ ಆಧಾರ" ಅನ್ನುತ್ತಾರೆ. ಇಂಥ ಮನೆಯಲ್ಲಿ ವಾದ ಗೆಲ್ಲುವುದು ಸುಲಭವಲ್ಲ.

ಆದರೆ ಈ ಸಲ ಸಂಗತಿ ಫೋನಿನದಷ್ಟೇ ಆಗಿರಲಿಲ್ಲ. ಅಮ್ಮ ಮತ್ತು ಪಾವಗಡದ ಚಿಕ್ಕಮ್ಮ ಹುಡುಗಿಯರಾಗಿದ್ದಾಗಿನಿಂದ ಜೋಡಿ. ನೆಂಟರಿಷ್ಟರ ಮನೆಯ ಮದುವೆಯಲ್ಲಿ ಅರಿಶಿಣದ ಬಟ್ಟಲು ಕೈಗೆ ಬಂದರೆ ಸಾಕು, ಇಬ್ಬರೂ ಸೋಬಾನೆಗೆ ಕೂರುತ್ತಾರೆ. ಅಮ್ಮ ಒಂದು ಸಾಲು ಎತ್ತಿಕೊಡಬೇಕು, ಅದರ ಬಾಲ ನೆಲಕ್ಕೆ ಬೀಳುವ ಮೊದಲೇ ಚಿಕ್ಕಮ್ಮ ಹಿಡಿದು ತಿರುಗಿ ಹಾಡಬೇಕು. ಈಗ ಶಿರಾದಲ್ಲಿ ನಮ್ಮ ಸೋದರಮಾವನ ಮಗಳ ಮದುವೆ ನಿಶ್ಚಯವಾಗಿತ್ತು. ದೂರ ಇದ್ದೀವಲ್ಲ, ವಿಡಿಯೋ ಕಾಲ್‌ನಲ್ಲೇ ಅಭ್ಯಾಸ ಮಾಡೋಣ ಎಂದು ಹೊರಟರು. ಹಾಡು ಅಲ್ಲಿಗೇ ಕೆಟ್ಟಿತು. ಅಮ್ಮ ಸಾಲು ಮುಗಿಸಿ ಬಾಯಿ ಮುಚ್ಚಿ ಕಾಯುತ್ತಾರೆ. ಪರದೆಯ ಮೇಲೆ ಚಿಕ್ಕಮ್ಮ ತುಟಿ ತೆರೆದು ಕಲ್ಲಾಗಿ ಕೂತಿರುತ್ತಾರೆ. ಅಮ್ಮ ಬೇಸತ್ತು ಮುಂದಿನ ಸಾಲು ಎತ್ತಿದರೆ, ಹಿಂದಿನ ಸಾಲು ಆಗ ಪಾವಗಡದಿಂದ ಬಂದು ಇದಕ್ಕೆ ಢಿಕ್ಕಿ ಹೊಡೆಯುತ್ತದೆ.

"ಲೇ, ಯಾಕೆ ಇಂಗೆ ಎಳೀತೀಯ? ಗಂಡು ತಾಳಿ ಕಟ್ಟಿ ಮನೆಗೋದ ಮೇಲೆ ಹಾಡ್ತೀಯ?"

"ನಾನಾ ಎಳೆಯೋದು? ನೀನೇ ಅಕ್ಕ ಎಳೀತಿರೋದು! ಅಯ್ಯೋ ದೇವುಡಾ, ವಯಸ್ಸಾಯ್ತು ನಿಂಗೆ, ಒಪ್ಕೊಂಬುಡು."

ಚಿಕ್ಕಮ್ಮನ ಬಾಯಿಗೆ ತೆಲುಗು ಬಂತೆಂದರೆ ಸಿಟ್ಟು ನಿಜವಾದದ್ದು ಎಂದೇ ಲೆಕ್ಕ. ಮೂರನೇ ದಿನ ಅವರು ಇನ್ನೂ ಮುಂದೆ ಹೋಗಿ, "ಬುಡಕ್ಕ, ಈ ಮದುವೆಗೆ ನಮ್ಮ ನಾದಿನಿ ಜೊತೆ ಹಾಡ್ಕೊಂತೀನಿ" ಎಂದುಬಿಟ್ಟರು. ಅಮ್ಮ ಫೋನನ್ನು ಮಗುಚಿ ಇಟ್ಟರು. ಅವತ್ತು ಮಾಡಿದ ಮುದ್ದೆ ಗಂಟುಗಂಟಾಗಿತ್ತು. ಆಧಾರ ಕೇಳುವ ಧೈರ್ಯ ನನಗೂ ಬರಲಿಲ್ಲ.

ನಾನು ತನಿಖೆಗೆ ಇಳಿದೆ. ಫೋನನ್ನು ಆಫ್ ಮಾಡಿ ಆನ್ ಮಾಡಿದೆ. ವೈಫೈಯನ್ನು ಮರೆಸಿ, ಪಾಸ್‌ವರ್ಡ್ ಹಾಕಿ ಮತ್ತೆ ಪರಿಚಯ ಮಾಡಿಸಿದೆ. ಗುಡ್ ಮಾರ್ನಿಂಗ್ ಗುಲಾಬಿಗಳನ್ನು ರಾಶಿರಾಶಿಯಾಗಿ ಅಳಿಸಿದೆ. ಅಮ್ಮ ಹಿಂದೆ ನಿಂತು "ಲಕ್ಷ್ಮಿ ಫೋಟೋ ಮುಟ್ಬೇಡ ಕಣೇ" ಎಂದು ಕಾವಲು ಕಾಯ್ದರು. ಏನೂ ಆಗಲಿಲ್ಲ. ಪಕ್ಕದಲ್ಲೇ ನನ್ನ ಹೊಸ ಫೋನು ಕುದುರೆಯ ಹಾಗೆ ಓಡುತ್ತಿತ್ತು. "ನೋಡ್ದಾ? ಅದೇ ಮನೆ, ಅದೇ ವೈಫೈ. ಹಳೇ ಫೋನ್‌ದೇ ತಪ್ಪು" ಎಂದು ಅಪ್ಪ ಎದುರುಪಕ್ಷದ ಪರವಾಗಿ ತೀರ್ಪು ಕೊಟ್ಟರು. ಸೋತ ಮುಖದಲ್ಲಿ ನನ್ನ ಫೋನನ್ನು ನೋಡುತ್ತೇನೆ, ಅದರಲ್ಲಿ ವೈಫೈ ಆನ್ ಆಗಿಯೇ ಇಲ್ಲ! ಇಷ್ಟೂ ಹೊತ್ತು ಅದು ಓಡಿದ್ದು ಸಿಮ್‌ನ ಡೇಟಾದಲ್ಲಿ. ಊರವರನ್ನೆಲ್ಲ ಆಧಾರ ಕೇಳುವವಳು ತನ್ನ ಕೈಲಿದ್ದ ಆಧಾರವನ್ನೇ ಪರೀಕ್ಷಿಸಿರಲಿಲ್ಲ. ವೈಫೈ ಹಾಕಿ ನೋಡಿದೆ. ಕುದುರೆಯೂ ಕುಂಟಿತು. ಇಷ್ಟು ಖುಷಿಯಿಂದ ನಾನು ಯಾವತ್ತೂ ಮೂರ್ಖಳಾಗಿರಲಿಲ್ಲ.

ಹಾಗಾದರೆ ತಪ್ಪು ವೈಫೈ ಡಬ್ಬಿಯದು. ಆದರೆ ಡಬ್ಬಿ ಎಲ್ಲಿ? ಕೂರಿಸಿ ಹೋದವನು ಅದನ್ನು ನಡುಮನೆಯ ಕಿಟಕಿಯ ಮೇಲೆ ಇಟ್ಟಿದ್ದ. ಈಗ ಅಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ ಇತ್ತು. ವೈರಿನ ಜಾಡು ಹಿಡಿದು ಹೋದರೆ ಅದು ಪಾತ್ರೆಗಳ ಶೆಲ್ಫಿನೊಳಕ್ಕೆ ನುಸುಳಿತ್ತು. ನಮ್ಮ ಕಡೆಯ ಮನೆಗಳಲ್ಲಿ ಆ ಶೆಲ್ಫ್ ಎಂದರೆ ಸಾಮಾನ್ಯವಲ್ಲ. ತವರಿನಿಂದ ಬಂದ ಕೊಡ, ಕೊಳಗ, ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿಗಳು ಎಲ್ಲವೂ ಎತ್ತರದ ಪ್ರಕಾರ ಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ಯಾರೂ ಅಡುಗೆ ಮಾಡುವುದಿಲ್ಲ, ಬಂದವರು ನೋಡಬೇಕು ಅಷ್ಟೇ. ಅಲ್ಲಿ ದೊಡ್ಡ ತಾಮ್ರದ ಹಂಡೆಯ ಬೆನ್ನಿಗೆ, ಗೋಡೆಗೆ ಒತ್ತಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡು ನಮ್ಮ ವೈಫೈ ಮಿಣಮಿಣ ಎನ್ನುತ್ತಿತ್ತು. ಇಷ್ಟೊಂದು ಲೋಹ ದಾಟಿ ಅದು ಹೊರಗೆ ಬರುವುದಾದರೂ ಹೇಗೆ?

"ಇಲ್ಲಿ ಯಾಕಮ್ಮ ಇಟ್ಟೆ?"

"ಮತ್ತೆ? ವೈರು ಗೀರು ನೇತಾಡಿಸ್ಕೊಂಡು ಬಾಗ್ಲಿಗೆ ಎದುರಾಗಿ ಕೂತಿತ್ತು. ಬಂದೋರು ಏನಂದ್ಕೊಂತಾರೆ?"

"ಹಂಡೆ ತೆಗೀತೀನಿ."

"ಹಂಡೆ ಮುಟ್ಟಿದ್ರೆ ನೋಡು! ಅದು ನಮ್ಮಮ್ಮ ಕೊಟ್ಟಿದ್ದು. ಆ ಡಬ್ಬಿನೇ ತಗೊಂಡೋಗು, ಅದನ್ಯಾರು ಕೊಟ್ಟಿದ್ದು?"

ಡಬ್ಬಿ ಕಿಟಕಿಗೆ ವಾಪಸಾಯಿತು. ಹೂಕುಂಡ ಮುಂದೆ ಇರಲೇಬೇಕು ಎಂಬ ಷರತ್ತಿಗೆ ನಾನು ಒಪ್ಪಿದೆ. ಪ್ಲಾಸ್ಟಿಕ್ಕು, ಪಾಪ, ಯಾರನ್ನೂ ತಡೆಯುವುದಿಲ್ಲ. ಮೊದಲು ಫೋನ್ ಮಾಡಲು ಅಕ್ಕನಿಗೂ ಮನಸ್ಸಿಲ್ಲ, ತಂಗಿಗೂ ಇಲ್ಲ. ನಾನೇ ಹಳೇ ಫೋನಿನಿಂದ ಚಿಕ್ಕಮ್ಮನಿಗೆ ವಿಡಿಯೋ ಕಾಲ್ ಮಾಡಿ, ಕೇಳದೆಯೇ ಅಮ್ಮನ ಕೈಗೆ ತುರುಕಿದೆ. ಅಮ್ಮ ಮುಖ ಗಂಟಿಕ್ಕಿಕೊಂಡೇ ಒಂದು ಸಾಲು ಎತ್ತಿದರು. ಅದರ ಬಾಲ ನೆಲ ಮುಟ್ಟಲಿಲ್ಲ, ಚಿಕ್ಕಮ್ಮ ಹಿಡಿದುಬಿಟ್ಟರು. ಎರಡನೇ ಸಾಲು, ಮೂರನೇ ಸಾಲು. ಇಬ್ಬರ ಕಣ್ಣಲ್ಲೂ ನೀರು. ನಾನು ಗಂಟಲು ಸರಿಮಾಡಿಕೊಂಡು, ಯಾರೂ ಎಳೆದಿಲ್ಲವೆಂದೂ ಅಪರಾಧಿ ಹಂಡೆಯೆಂದೂ ಸವಿಸ್ತಾರವಾಗಿ ಮಂಡಿಸಿದೆ.

"ಎಳೀತಿರೋದು ನಾನಲ್ಲ ಅಂತ ನಾನು ಮೊದ್ಲೇ ಅಂದ್ನಲ್ಲ" ಅಂದರು ಚಿಕ್ಕಮ್ಮ.

"ನಾನೂ ಅದೇ ಅಂದಿದ್ದು" ಅಂದರು ಅಮ್ಮ. ನನ್ನ ಮಂಡನೆ ಯಾರಿಗೂ ಬೇಕಿರಲಿಲ್ಲ.

ಶಿರಾದ ಮದುವೆಯಲ್ಲಿ ಇಬ್ಬರೂ ಹಾಡಿದರು. ಮೈಕಿನವನು ತಾನಾಗಿಯೇ ಸಿನಿಮಾ ಹಾಡು ನಿಲ್ಲಿಸಿದ. ಚಿಕ್ಕಮ್ಮನ ನಾದಿನಿ ಚಪ್ಪಾಳೆ ತಟ್ಟಿದರು. ಅಲ್ಲಿಗೆ ನನ್ನ ಗೆಲುವು ಪೂರ್ಣವಾಯಿತು ಎಂದುಕೊಂಡೆ.

ಈಗ ಫೋನಿನಲ್ಲಿ ಮುಖ ಸ್ಪಷ್ಟ, ಮಾತು ಸ್ಪಷ್ಟ. "ಊಟ ಆಯ್ತಾ?" "ಆಯ್ತು." "ಮಳೆ ಬಂತಾ?" "ಇಲ್ಲ." "ಸರಿ, ಇಡ್ಲಾ?" ಅಷ್ಟರಲ್ಲಿ ಮುಗಿದುಹೋಗುತ್ತದೆ. ಯಾರು ಎಳೆದದ್ದು ಎಂದು ಸಾಯಂಕಾಲವೆಲ್ಲ ಕೂಗಾಡುತ್ತಿದ್ದವರು ಇವರೇನಾ ಎನಿಸುತ್ತದೆ. ವಾದವಿಲ್ಲದೆ ನಾನು ಬದುಕಲಾರೆ ಎಂಬುದು ನನಗೆ ಗೊತ್ತಿತ್ತು. ಆ ಗುಣ ಚರ್ಚಾಸ್ಪರ್ಧೆಯಿಂದ ಬಂತು ಎಂದು ಇಷ್ಟು ದಿನ ಜಂಬಪಡುತ್ತಿದ್ದೆ, ಯಾವ ಆಧಾರವೂ ಇಲ್ಲದೆ. ನಿನ್ನೆ ಅಮ್ಮ ಬಂದು ನನ್ನ ಪಕ್ಕ ಕೂತರು. ಫೋನನ್ನು ಸೆರಗಿನಿಂದ ಒರೆಸುತ್ತಾ, "ಇದು ಮತ್ತೆ ಸ್ಲೋ ಆಗೈತೆ ನೋಡೇ" ಅಂದರು. ನೋಡಿದೆ. ಚಿಗರೆಯ ಹಾಗೆ ಓಡುತ್ತಿತ್ತು.

"ವೈಫೈ ಚೆನ್ನಾಗೈತಲ್ಲಮ್ಮ. ನಿಜ ಹೇಳು, ಚಿಕ್ಕಮ್ಮನ ಜೊತೆ ಜಗಳ ಆಡ್ಬೇಕು ಅನ್ನಿಸ್ತೈತಾ?"