ಮೊಣಕಾಲುದ್ದದ ಕೃಷ್ಣೆ

ಕೃಷ್ಣೆಯ ಆಳ ಎಷ್ಟೆಂದು ತಿಳಿಯುವ ಕುತೂಹಲ ನಿಜಾಮ ಸರ್ಕಾರಕ್ಕೆ ಒಮ್ಮಿಂದೊಮ್ಮೆಲೆ ಹುಟ್ಟಿತು. ಕಕ್ಕೇರಾದ ಆಚೆ ಹೊಳೆ ಬಂಡೆಗಳ ನಡುವೆ ಧುಮುಕುವಲ್ಲಿ ಕಟ್ಟೆ ಕಟ್ಟಿ ಬಿಜಲಿ, ಅಂದರೆ ವಿದ್ಯುತ್ತು, ತೆಗೆಯಬೇಕಂತೆ. ಆಷಾಢದ ಒಂದು ಬೆಳಿಗ್ಗೆ ಛತ್ರಿ, ದಫ್ತರ, ಅಳತೆಯ ಗಳದೊಂದಿಗೆ ಸರ್ವೆ ಕಚೇರಿಯ ಅಮೀನಸಾಹೇಬರು ಬಂದಿಳಿದರು. ಅವರಿಗೆ ನೀರೆಂದರೆ ಭಯ. ದಂಡೆಯಲ್ಲೇ ಕೂತು, ಹರಿಗೋಲು ನಡೆಸುವ ಅಂಬ್ರಪ್ಪನ ಕೈಗೆ ಗಳ ಕೊಟ್ಟು, "ಎಷ್ಟು ಮುಳುಗತದ, ಅಲ್ಲಿಂದ ಕೂಗಿ ಹೇಳು" ಎಂದರು.

ಅಂಬ್ರಪ್ಪ ಗಳ ಹಿಡಿದು ಹೊಳೆಯತ್ತ ನೋಡಿದ. ಕಟ್ಟೆ ಬಂದರೆ ಊರು ಮುಳುಗುತ್ತದೆ. ಅದು ಹಾಗಿರಲಿ, ಹುಟ್ಟಿದಾಗಿನಿಂದ ಕಿವಿಯಲ್ಲಿ ಮೊರೆಯುತ್ತಿದ್ದ ಹೊಳೆ ಕೆರೆಯ ಹಾಗೆ ಬಾಯಿ ಮುಚ್ಚಿ ಕೂಡುವುದನ್ನು ನೆನೆದೇ ಅವನಿಗೆ ಅಳು ಬಂತು.

ಬುದ್ಧಿ ಹೇಳುವವರಿಗೆ ಊರಲ್ಲಿ ಬರವೇ? ಆಚೆ ದಂಡೆಯ ಮಗಳ ಮನೆಗೆ ಹೊರಟಿದ್ದ, ವರಸೆಯಲ್ಲಿ ಅವನಿಗೆ ಅತ್ತೆಯಾಗಬೇಕಾದ ತಿಮ್ಮವ್ವ ಗಂಟು ಕೆಳಗಿಟ್ಟು ಕಿವಿಯಲ್ಲಿ ಉಸುರಿದಳು. "ನೀರು ಕಮ್ಮಿ ಅದ ಅಂತ ಹೇಳೋ ಅಂಬ್ರ್ಯಾ. ನೀರಿಲ್ಲದ ಹೊಳಿಗಿ ಯಾರು ಕಟ್ಟಿ ಕಟ್ತಾರ?"

ಅಂಬ್ರಪ್ಪ ನಡುಹೊಳೆಗೆ ಹೋಗಿ, ದಂಡೆಗೆ ಕಾಣದಂತೆ ಹರಿಗೋಲಿನ ಮರೆಯಲ್ಲಿ ಗಳ ಇಳಿಸಿದ. ಗಳ ಪೂರ್ತಿ ಮುಳುಗಿ, ಅವನ ಕೈಯೂ ಮೊಣಕೈ ತನಕ ಮುಳುಗಿತು.

"ಮೊಣಕಾಲುದ್ದ ಅದರೀ," ಎಂದು ಕೂಗಿದ.

ಬರೆಯಹೊರಟ ಸಾಹೇಬರು ತಡೆದರು. "ಮೊಣಕಾಲುದ್ದ ನೀರು ಇಷ್ಟ್ಯಾಕ ಗದ್ದಲ ಮಾಡತದ?"

"ಆಳ ಇಲ್ಲದ್ದಕ್ಕ ಬಾಯಿ ಜೋರು ಸಾಹೇಬ್ರ," ಎಂದ ಪಕ್ಕದ ಹೊಲದ ಮರಿಲಿಂಗಪ್ಪ, ಯಾರೂ ಕೇಳದಿದ್ದರೂ. "ಬೇಕಾದ್ರ ಇಳಿದು ನಿಲ್ತಾನ, ನೋಡ್ರಿ."

"ಹೌದಾ? ತೋರ್ಸು," ಎಂದು ಸಾಹೇಬರು ಕನ್ನಡಕ ಸರಿಮಾಡಿಕೊಂಡರು.

ಅಂಬ್ರಪ್ಪ ಮನಸ್ಸಿನಲ್ಲೇ ಮರಿಲಿಂಗಪ್ಪನ ಏಳು ತಲೆಮಾರನ್ನು ಉದ್ಧಾರ ಮಾಡಿದ. ನಡುಹೊಳೆಯಲ್ಲಿ ಕಾಲೂರಲು ಇದ್ದದ್ದು ಒಂದೇ ಜಾಗ, ನೀರೊಳಗೆ ಅಡಗಿದ ಕುದುರೆಬಂಡೆ. ಅವನ ಅಪ್ಪನ ಹರಿಗೋಲು ಹರಿದದ್ದು ಅದಕ್ಕೇ ತಾಗಿ. ಹರಿಗೋಲಿನ ಅಂಚನ್ನು ಬಿಗಿಯಾಗಿ ಹಿಡಿದು ಅದರ ಮೇಲೆ ಇಳಿದ. ನೀರು ಸರಿಯಾಗಿ ಮೊಣಕಾಲಿಗೆ ಬಂತು.

"ಶಾಬಾಸ್. ಹಂಗ ಮುಂದ ನಡಿ."

ಮುಂದಿನ ಹೆಜ್ಜೆಗೆ ಆನೆ ಮುಳುಗುವ ಮಡು. "ಕಾಲಾಗ ಮುಳ್ಳು ನಟ್ಟದರೀ," ಎಂದು ಅಂಬ್ರಪ್ಪ ಕೊಕ್ಕರೆಯ ಹಾಗೆ ಒಂಟಿಗಾಲಲ್ಲಿ ನಿಂತ. ಹೊಳೆಯ ನಡುವೆ ಮುಳ್ಳು ಎಲ್ಲಿಂದ ಬಂತೆಂದು ಸಾಹೇಬರು ಕೇಳುವ ಮೊದಲೇ ತಿಮ್ಮವ್ವ, "ನೀರು ಕಮ್ಮಿ ಇದ್ದಲ್ಲಿ ಜಾಲಿ ಬೆಳೀತದ್ರಿ," ಎಂದಳು.

ಸಾಹೇಬರು ನಿಟ್ಟುಸಿರಿಟ್ಟು ಬರೆದರು. "ಇಷ್ಟು ನೀರಿಗಿ ಬಿಜಲಿ ಅಲ್ಲ, ಚಿಮಣಿ ಬುಡ್ಡಿನೂ ಹತ್ತಂಗಿಲ್ಲ. ಇಲ್ಲಿ ಕಟ್ಟಿ ಬ್ಯಾಡ ಅಂತ ಬರದೀನಿ."

ಅಂಬ್ರಪ್ಪ ಹಿಗ್ಗುತ್ತ ದಂಡೆಗೆ ಬಂದ. ಆದರೆ ಸಾಹೇಬರಿಗೆ ಇನ್ನೊಂದು ಕುತೂಹಲ ಉಳಿದಿತ್ತು.

"ಅಲ್ಲೋ, ಮೊಣಕಾಲುದ್ದ ನೀರಿಗಿ ಹರಗೋಲ ಯಾತಕ್ಕ?"

ಅಂಬ್ರಪ್ಪ ಬಾಯಿ ತೆರೆದ. ನಿಜ ಹೇಳಿದರೆ ಕಟ್ಟೆ ಬರುತ್ತದೆ. ಬಾಯಿ ಮುಚ್ಚಿದ. ಸಾಹೇಬರು ಜನರನ್ನು ಹೊಳೆ ದಾಟಿಸುವ ಅವನ ಘಾಟಿನ ಪರವಾನಗಿ ಇಸಿದುಕೊಂಡು, ಅಡ್ಡಗೆರೆ ಎಳೆದು ಮೊಹರು ಒತ್ತಿದರು. ಇನ್ನು ಹರಿಗೋಲು ನೀರಿಗಿಳಿದರೆ ಜಪ್ತಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ ಎನ್ನುತ್ತಾರೆ; ಸಾಹೇಬರು ದಾಟದೆಯೇ ಹಂಗು ಹರಿದುಕೊಂಡು ಸುರಪುರದ ದಾರಿ ಹಿಡಿದರು.

ಅಂಬ್ರಪ್ಪ ಹರಿಗೋಲನ್ನು ಬೋರಲು ಹಾಕಿ ಪಕ್ಕದಲ್ಲಿ ಕೂತ. ಹೊಳೆ ಎಂದಿನಂತೆ ಮೊರೆಯುತ್ತಿತ್ತು. ತಿಮ್ಮವ್ವ ಗಂಟು ಹೊತ್ತು ಬಂದಳು.

"ಹೊತ್ತಾತು ನಡಿಯಪಾ, ಮಗಳು ದಾರಿ ನೋಡಾಕತ್ತಿರ್ತಾಳ. ಆ ದಂಡಿಗಿ ಬಿಡು."

"ನಡಕೊಂತ ಹೋಗು ಅತ್ತಿ," ಎಂದ ಅಂಬ್ರಪ್ಪ. "ಮೊಣಕಾಲುದ್ದ ಅದ. ಮುಳ್ಳು ನೋಡಿಕೋ."