ಕಾರು ಕಳುವಾದದ್ದು ಯಾವ ಊರಲ್ಲಿ?

ನಾನು ಸುಳ್ಳು ಹೇಳುವುದು ಮನೆಯಲ್ಲಿ ಮಾತ್ರ. ಪೊಲೀಸರು, ವಿಮಾ ಕಂಪನಿಯವರು ಎದುರಿಗೆ ಕುಳಿತರೆ ಹೆದರಿಕೆಗೆ ಸತ್ಯವೇ ಬಾಯಿಗೆ ಬರುತ್ತದೆ. ಹೀಗೆ ಎರಡು ನಾಲಿಗೆ ಇಟ್ಟುಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದೆ, ಇಳಕಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ, ತೊಂದರೆಯೇನೂ ಆಗಿರಲಿಲ್ಲ. ಆಮೇಲೆ ಕಾರು ಕಳುವಾಯಿತು.

ನನಗೆ ಸಕ್ಕರೆ ಕಾಯಿಲೆ. ಸಿಹಿ ಬಿಡು ಎಂದವರು ಡಾಕ್ಟರು, ಬಿಟ್ಟೆನೋ ಇಲ್ಲವೋ ಎಂದು ಕಾಯುವವಳು ಹೆಂಡತಿ ಗಿರಿಜಾ. ಹೀಗಾಗಿ ಹುನಗುಂದದ ಶಿಕ್ಷಣ ಕಚೇರಿಯಲ್ಲಿ ಕೆಲಸವಿದೆಯೆಂದು ಹೇಳಿ ಹೊರಡುವುದು, ಹುನಗುಂದ ದಾಟಿ ನೆಟ್ಟಗೆ ಅಮೀನಗಡಕ್ಕೆ ಹೋಗಿ ಕರದಂಟು ತಿಂದು ಬರುವುದು ನನ್ನ ರೂಢಿ. ಒಂದು ಗುರುವಾರ ಹಾಗೆಯೇ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಬೀಗ ಹಾಕಿ, ನಾಲ್ಕು ತುಂಡು ತಿಂದು ತಿರುಗಿದರೆ ಕಾರಿಲ್ಲ. ಪೊಲೀಸರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆ. ಬಸ್ಸು ಹಿಡಿದು ಮನೆಗೆ ಬಂದು, ‘ಹುನಗುಂದದ ಆಫೀಸ್ ಮುಂದ ನಿಲ್ಲಿಸಿದ್ದೆ, ಕಳುವಾತು’ ಎಂದೆ. ಪಾಪ, ಗಿರಿಜಾ ನನ್ನನ್ನು ಸಮಾಧಾನ ಮಾಡಿ ಸಕ್ಕರೆಯಿಲ್ಲದ ಚಹಾ ಕೊಟ್ಟಳು.

ವಾರದ ಮೇಲೆ ಬಾಗಲಕೋಟೆಯಿಂದ ವಿಮಾ ಕಂಪನಿಯ ತನಿಖಾಧಿಕಾರಿ ಬಂದರು. ಅವರು ಕೇಳಿದ ಹಾಗೆ ಕಾರಿನ ಎರಡೂ ಕೀಲಿಕೈ ಕೊಟ್ಟೆ. ಅವರು ಗಿರಿಜಾಳ ಕಡೆ ತಿರುಗಿ, ‘ಕಾರ್ ಎಲ್ಲಿ ಕಳುವಾತ್ರಿ, ಅಕ್ಕಾರ?’ ಎಂದರು.

‘ಹುನಗುಂದದಾಗ್ರಿ’ ಎಂದಳು, ನನ್ನ ಮೇಲಿನ ಪೂರ್ಣ ವಿಶ್ವಾಸದಿಂದ.

ಅವರ ಪೆನ್ನು ನಿಂತಿತು. ‘ಸರ್, ನಿಮ್ಮ ದೂರಿನ್ಯಾಗ ಅಮೀನಗಡ ಐತಿ. ಒಂದ ಕಾರ್ ಎರಡ ಊರಾಗ ಹೆಂಗ ಕಳುವಾಗ್ತೈತ್ರಿ? ಇಂಥಾದ್ದಕ್ಕ ನಾವು ಮೋಸ ಅಂತ ಬರೀತೇವಿ.’

ಕಾರು ಹೋಗಲಿ, ಊರ ತುಂಬ ಶಿಷ್ಯರಿರುವ ಮಾಸ್ತರನಿಗೆ ಮೋಸಗಾರನೆಂಬ ಹೆಸರು ಬಂದರೆ? ‘ಅಮೀನಗಡಾನ ಖರೇರಿ. ಕರದಂಟ ತಿನ್ನಾಕ ಹೋಗಿದ್ದೆ’ ಎಂದೆ, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ.

ಗಿರಿಜಾ ನನ್ನ ಪಕ್ಕದಿಂದೆದ್ದು ಅಧಿಕಾರಿಯ ಪಕ್ಕದ ಕುರ್ಚಿಗೆ ಹೋದಳು. ಬೈದಿದ್ದರೆ ಜೀವಕ್ಕೆ ಸ್ವಲ್ಪ ಹಗುರವಾಗುತ್ತಿತ್ತು.

ಅಧಿಕಾರಿ ಅಂಗಡಿಯವನಿಗೆ ಫೋನ್ ಮಾಡಿ, ಅವನು ಪೊಲೀಸರಿಗೆಂದು ಎತ್ತಿಟ್ಟಿದ್ದ ಕ್ಯಾಮೆರಾದ ವಿಡಿಯೋ ತರಿಸಿಕೊಂಡರು. ಮೂವರೂ ಮೊಬೈಲಿಗೆ ಬಾಗಿದೆವು. ನಾನು ಕಣ್ಣು ಮುಚ್ಚಿ ಅಗಿಯುತ್ತಿದ್ದೇನೆ. ನನ್ನ ಬೆನ್ನ ಹಿಂದೆ ನನ್ನ ಕಾರು ನಿಧಾನವಾಗಿ ಹೊರಡುತ್ತದೆ. ನಾನು ಇನ್ನೊಂದು ತುಂಡಿಗೆ ಕೈ ಚಾಚುತ್ತೇನೆ. ಅಧಿಕಾರಿ ಕಾರಿನ ನಂಬರು ಬರೆದುಕೊಂಡರು. ಗಿರಿಜಾ ಮತ್ತೊಮ್ಮೆ ಹಾಕಿಸಿ ನೋಡಿ, ‘ಏಳು ತುಂಡ ಅದಾವ್ರಿ, ಅದನ್ನೂ ಬರಕೋರಿ’ ಎಂದಳು.

ಪರಿಹಾರ ಮಂಜೂರಾಯಿತು. ಗಿರಿಜಾ ಆ ವಿಡಿಯೋ ಕೇಳಿ ಪಡೆದು ಡಾಕ್ಟರಿಗೂ ತೋರಿಸಿದಳು. ಕಳ್ಳ ಮಾತ್ರ ಇನ್ನೂ ಸಿಕ್ಕಿಲ್ಲ. ಅವನ ಮುಖ ಆ ವಿಡಿಯೋದಲ್ಲಿ ಕಾಣುವುದಿಲ್ಲ. ಕಾಣುವುದು ನನ್ನದೊಂದೇ, ಬಹಳ ಸ್ಪಷ್ಟವಾಗಿ.